ಹೊಸ್ತಿಲಾಚೆ ಒಡೆದ ಜಾಡಿ

ಗುರುವಾರ ಬೆಳಗ್ಗೆ ಚಹಾಕ್ಕೆ ನೀರಿಟ್ಟು, ಅದು ಕುದಿಯುವಷ್ಟರಲ್ಲಿ ಫಖ್ರಿಯಾ ಅಂಗಳಕ್ಕೆ ಹೋಗಿ ಕಾಮಕಸ್ತೂರಿ ಗಿಡವನ್ನು ಬೇರುಸಮೇತ ಕಿತ್ತುಬಿಟ್ಟಳು. ಹೀಗೆ ಮಾಡಬೇಕೆಂದು ಮೊದಲೇ ಯೋಚಿಸಿದ್ದಳೆಂದಲ್ಲ, ಕೈ ತಾನಾಗಿಯೇ ಹೋಯಿತು. ಗಿಡವನ್ನು ತುಪ್ಪದ ಖಾಲಿ ಡಬ್ಬದಲ್ಲಿ ಊರಿ, ಇಷ್ಟು ದಿನ ಅದು ಬೆಳೆದಿದ್ದ ಜಾಡಿಯ ತಳವನ್ನು ನಲ್ಲಿಯ ಕೆಳಗಿಟ್ಟು ಮಣ್ಣು ತೊಳೆಯುತ್ತ ಕುಕ್ಕರಗಾಲಲ್ಲಿ ಕೂತಳು. ಉಪ್ಪಿನಕಾಯಿ ಜಾಡಿ ಅದು, ಹೊರಗೆ ಹಸಿರು ಮೆರುಗು, ಒಳಗೆ ಕಂದು. ಮೇಲಿನ ಅರ್ಧ ಚಳಿಗಾಲದ ಒಂದು ಸಂಜೆ ಹೊಸ್ತಿಲ ಹೊರಗೆ ಚೂರಾಗಿ ಹೋಗಿತ್ತು. ಒಡೆದ ಅಂಚು ಬೆರಳಿಗೆ ತಾಗಿ ಸಣ್ಣಗೆ ರಕ್ತ ಬಂತು, ಅದನ್ನು ಬಾಯಿಗಿಟ್ಟುಕೊಂಡಳು. ಇವತ್ತು ಸಿತ್ ಬಹೀಜಾ ಹಿಲ್ಲಾ ಪಟ್ಟಣ ಬಿಟ್ಟು ಹೋಗುತ್ತಾರೆ. ಹುಡುಗಿಯರ ಶಾಲೆಯ ಮುಖ್ಯೋಪಾಧ್ಯಾಯಿನಿ. ಮಕ್ಕಳು ಟೀಚರಮ್ಮನನ್ನು ಸಿತ್ ಎಂದು ಕರೆಯುವ ಹಾಗೆ ಊರಿನ ಮುದುಕರೂ ಅವರನ್ನು ಸಿತ್ ಎಂದೇ ಕರೆಯುತ್ತಿದ್ದರು. ಮೋಸುಲ್‌ಗೆ ವರ್ಗವಂತೆ. ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ತಂದೆಯರೆಲ್ಲ ಸೇರಿ ಶಿಕ್ಷಣ ಇಲಾಖೆಗೆ ಎರಡು ಸಲ ಅರ್ಜಿ ಹಿಡಿದುಕೊಂಡು ಹೋಗಿ, ಅಲ್ಲಿ ಚಹಾ ಕುಡಿದು ಬಂದಿದ್ದರು. ಕಾರಣ ಗೊತ್ತಿದ್ದವಳು ತಾನೊಬ್ಬಳೇ ಎಂದು ಫಖ್ರಿಯಾ ನಂಬಿದ್ದಳು. ಆ ಕಾರಣವನ್ನೇ ಈಗ ನಲ್ಲಿಯ ಕೆಳಗೆ ತೊಳೆಯುತ್ತಿದ್ದಳು.

"ಗಿಡ ಏನು ಪಾಪ ಮಾಡಿತ್ತೇ?" ಅತ್ತೆ ಕೋಣೆಯ ಬಾಗಿಲಿಗೆ ಒರಗಿ ಕೇಳಿದಳು.

"ಇದು ಬೇಕಾಗಿತ್ತು ಅತ್ತೆ."

"ಬೇಕಾಗದೆ ಏನು. ನನ್ನ ಮದುವೆಗೆ ತವರಿಂದ ಬಂದ ಜಾಡಿ. ನಾಲ್ಕು ತಿಂಗಳು ತಡ ಆದ್ರೂ ಕೆಲಸ ಮಾಡ್ತು ನೋಡು. ಹಳೇ ಕಾಲದ ಮಣ್ಣು, ಸುಮ್ನೇನಾ?" ಅಂದವಳು ತಸ್ಬೀಹಿನ ಮಣಿ ತಿರುಗಿಸುತ್ತ, "ಹೆಣ್ಣು ನೋಡೋಕೆ ಬಂದಿದ್ರಲ್ಲ, ಆ ಹೆಂಗಸರು ನಾಳೆ ಸಂಜೆ ಬರ್ತಾರೆ. ಹೇಳಿಕಳಿಸಿದಾರೆ. ಆ ಸಿತ್ ತೊಲಗಲಿ ಅಂತಲೇ ಕಾಯ್ತಿದ್ರಂತೆ. ಕ್ಲೇಚಾ ಬಿಸ್ಕತ್ತಿಗೆ ಖರ್ಜೂರ ಸಾಲುತ್ತೋ ಇಲ್ವೋ ನೋಡ್ಕೋ," ಎಂದಳು.

ಬೀದಿಯಲ್ಲಿ ಗಂಡ ಟ್ಯಾಕ್ಸಿ ತೊಳೆಯುತ್ತಿದ್ದ. ಸಿತ್ ಅವರನ್ನು ಬಾಗ್ದಾದಿನ ರೈಲಿಗೆ ಬಿಡುವವನು ಅವನೇ. ಆ ಮಾತು ಅವನಿಗೂ ಕೇಳಿಸಿತ್ತು. ಆದರೂ ಅವನು ಒಳಗೆ ತಲೆಹಾಕಿ ಹೇಳಿದ್ದು ಬೇರೆಯೇ. "ರೇಡಿಯೇಟರಿಗೆ ಒಂದು ಹಿಡಿ ಉಪ್ಪು ಹಾಕ್ಲಾ? ಒಂದು ವಾರ ಗಾಡಿ ಏಳಲ್ಲ." ಫಖ್ರಿಯಾ ನಗಲಿಲ್ಲ. ಒಳ್ಳೆಯ ಮನುಷ್ಯ. ತಾಯಿಗೆ ಎದುರಾಡಬೇಕಾದ ಹೊತ್ತಿಗೆಲ್ಲ ಅವನಿಗೊಂದು ತಮಾಷೆ ಹೊಳೆಯುತ್ತದೆ. ಬಲ್ಕೀಸ್ ಆಗಲೇ ಶಾಲೆಗೆ ಹೋಗಿದ್ದಳು; ಅವಳ ಚಹಾದ ಲೋಟದ ತಳದಲ್ಲಿ ಕರಗದ ಸಕ್ಕರೆ ಹಾಗೇ ಉಳಿದಿತ್ತು.

ಬಲ್ಕೀಸ್‌ಗೆ ಹದಿನಾರು. ಅವಳು ಹುಟ್ಟಿದ ದಿನದಿಂದ ಫಖ್ರಿಯಾ ಈ ಊರಿಗೆ ಉಮ್ಮ್ ಬಲ್ಕೀಸ್, ಬಲ್ಕೀಸಳ ತಾಯಿ. ಅದಕ್ಕೆ ಮುಂಚೆ ಅಬ್ದುಲ್ ಹಾದಿಯ ಮಗಳು. ಇವೆರಡರ ನಡುವೆ ಒಂದೆರಡು ವರ್ಷ ಅವಳು ಬರೀ 'ಸೊಸೆ'. ಗಂಡ ಕೂಡ ಉಮ್ಮ್ ಬಲ್ಕೀಸ್ ಎಂದೇ ಕರೆಯುತ್ತಿದ್ದ, ಅದರಲ್ಲಿ ಪ್ರೀತಿಯೇನೂ ಕಡಿಮೆ ಇರಲಿಲ್ಲ. ಆದರೆ ವರ್ಷಕ್ಕೆರಡು ಸಲ, ಪೋಷಕರ ಸಭೆಯ ದಿನ, ಸಿತ್ ಬಹೀಜಾ ಒಂದು ಹಳೆಯ ಹಾಜರಿ ಪುಸ್ತಕ ತೆಗೆಯುತ್ತಿದ್ದರು. ಈಗಿನ ಹುಡುಗಿಯರದ್ದಲ್ಲ, ಅವರ ತಾಯಂದಿರದು. ಸಿತ್ ಹೊಸದಾಗಿ ಕೆಲಸಕ್ಕೆ ಸೇರಿದಾಗಿನ ಪುಸ್ತಕ. ಮೂಲೆಗಳು ಸವೆದು ದುಂಡಗಾಗಿದ್ದವು. "ಫಖ್ರಿಯಾ ಅಬ್ದುಲ್ ಹಾದಿ" ಎಂದು ಓದಿದರೆ, ಕಪ್ಪು ಅಬಾಯಾ ಹೊದ್ದು ಕೂತ ಹೆಂಗಸರ ನಡುವಿನಿಂದ ಅವಳು ಎದ್ದು "ಹಾಜರ್" ಎನ್ನಬೇಕು. ಮೊದಲ ಸಲ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಬಸುರಿಯರು, ಕಂಕುಳಲ್ಲಿ ಮಗು ಎತ್ತಿಕೊಂಡವರು, ಆಗಲೇ ಒಂದೆರಡು ಹಲ್ಲು ಬಿದ್ದವರು ಹಾಜರ್ ಹಾಜರ್ ಎನ್ನುವುದು ನಗುವ ವಿಷಯವೇ. ಎರಡನೆಯ ಸಲ ಯಾರೂ ನಗಲಿಲ್ಲ. ಆಮೇಲೆ ಮಗಳ ಓದು ಮುಗಿದ ತಾಯಂದಿರೂ ಸಭೆಗೆ ಬರತೊಡಗಿದರು. ಹಾಜರಿ ಮುಗಿಯುತ್ತಲೇ ಎದ್ದು ಹೋಗುತ್ತಿದ್ದರು. ಸಿತ್ ಹೋದ ಮೇಲೆ ಆ ಪುಸ್ತಕವನ್ನು ಓದುವವರು ಯಾರು?

ಅಬಾಯಾದೊಳಗೆ ಜಾಡಿಯ ತಳವನ್ನು ಅವಚಿಕೊಂಡು ಅವಳು ಹೊರಟಳು. ಹೊಸ್ತಿಲು ದಾಟುವಾಗ ಎಂದಿನಂತೆ ಉಸಿರು ಬಿಗಿಹಿಡಿದಳು, ವಾಸನೆ ಹೋಗಿ ಎಷ್ಟು ದಿನವಾಗಿದ್ದರೂ. ಆ ಸಂಜೆ ಜಾಡಿಯಲ್ಲಿ ಕಾಲು ಭಾಗ ಉಪ್ಪಿನಕಾಯಿ ಇತ್ತು. ಹುಳಿನೀರು ಇಟ್ಟಿಗೆಗೆ ಇಳಿದು, ಬಿಸಿಲು ಬಿದ್ದಾಗೆಲ್ಲ ತಿಂಗಳುಗಟ್ಟಲೆ ನಾತ ಎದ್ದಿತು. ಹೆಣ್ಣು ನೋಡಲು ಹೆಂಗಸರು ಬಂದಿದ್ದ ಸಂಜೆ. ಹುಡುಗನ ತಾಯಿ, ಇಬ್ಬರು ಸೋದರತ್ತೆಯರು, ಒಬ್ಬ ಅಕ್ಕ. ಬಲ್ಕೀಸ್ ಚಹಾದ ತಟ್ಟೆ ಹಿಡಿದು ಬರುವುದಕ್ಕೂ ಸಿತ್ ಬಹೀಜಾ ಬಾಗಿಲು ತಟ್ಟುವುದಕ್ಕೂ ಸರಿಹೋಯಿತು. ಯಾರೂ ಕರೆದಿರಲಿಲ್ಲ. ಬಂದವರೇ ಚಪ್ಪಲಿ ಬಿಟ್ಟು, ಸಲಾಂ ಹೇಳಿ, ನಡುವಿನ ದಿಂಬಿಗೆ ಒರಗಿ ಕೂತರು, ತಾವೂ ಹುಡುಗನ ಕಡೆಯವರು ಎನ್ನುವ ಹಾಗೆ. ಒಂದು ಲೋಟ ಚಹಾ ಕುಡಿದರು, ಎರಡನೆಯದನ್ನೂ ಕುಡಿದರು. ಆಮೇಲೆ ತಟ್ಟೆ ಹಿಡಿದು ನಿಂತಿದ್ದ ಹುಡುಗಿಯನ್ನು, "ಬಲ್ಕೀಸ್, ತ್ರಿಕೋನದ ಎರಡು ಬಾಹು ಸಮ ಇದ್ದರೆ ಕೋನ ಹೇಗಿರುತ್ತೆ?" ಎಂದು ಕೇಳಿದರು. ಹುಡುಗಿ ಕಣ್ಣೆತ್ತದೆ, ತಟ್ಟೆ ಅಲುಗಿಸದೆ, ಸಾಧನೆಯನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಿದಳು. ಹುಡುಗನ ತಾಯಿ ಲೋಟ ಕೆಳಗಿಟ್ಟಳು. ಸಿತ್ ಅವಳತ್ತ ತಿರುಗಿ ನಯವಾಗಿಯೇ ಹೇಳಿದರು: "ಇನ್ನೂ ಮೂರು ವರ್ಷದ ಪಾಠ ಬಾಕಿ ಇದೆ ಅಮ್ಮ. ಅಷ್ಟರಲ್ಲಿ ನಿಮ್ಮ ಹುಡುಗನೂ ಏನಾದ್ರೂ ಓದ್ಕೊಳ್ಳಲಿ." ಆ ಹೆಂಗಸರು ಕ್ಲೇಚಾ ಮುಟ್ಟದೆ ಎದ್ದುಹೋದರು.

ಸಿತ್ ಹೊಸ್ತಿಲು ದಾಟಿ ಹತ್ತು ಹೆಜ್ಜೆ ಹೋಗಿರಲಿಲ್ಲ. ಬೇಡದವರು ಮತ್ತೆ ಬಾರದಿರಲೆಂದು ಅವರ ಬೆನ್ನ ಹಿಂದೆ ಜಾಡಿ ಒಡೆಯುವುದನ್ನು ಫಖ್ರಿಯಾ ಕೇಳಿದ್ದಳೇ ಹೊರತು ಮಾಡಿದವಳಲ್ಲ. ಅದು ಅತ್ತೆಯಂಥವರ ಕಾಲದ್ದು. ಆದರೂ ಅಂದು ಫಖ್ರಿಯಾ ಅಡುಗೆಮನೆಯಿಂದ ಎರಡೂ ಕೈಯಲ್ಲಿ ಜಾಡಿ ಎತ್ತಿ ತಂದು ಬಾಗಿಲಾಚೆ ಎಸೆದಾಗ ಅತ್ತೆಯೇ ಬೆಚ್ಚಿಬಿದ್ದಿದ್ದಳು. ಮಗಳ ಸಂಬಂಧ ತಪ್ಪಿದ್ದಕ್ಕೆ ಸಿಟ್ಟು ಎಂದು ಎಲ್ಲರೂ ತಿಳಿದರು. ಅಲ್ಲ. ಆ ಸಂಬಂಧ ಅವಳಿಗೂ ಬೇಕಿರಲಿಲ್ಲ. ಹಾಗಾದರೆ ಯಾಕೆ ಎಂದು ತನ್ನನ್ನೇ ಕೇಳಿಕೊಂಡಾಗೆಲ್ಲ ಅವಳು ಏನಾದರೊಂದು ಕೆಲಸಕ್ಕೆ ಕೈಹಾಕುತ್ತಿದ್ದಳು. ತಮಾಷೆಯೆಂದರೆ ಮುಂದಿನ ವಾರವೇ ಸಿತ್ ಮತ್ತೆ ಬಂದರು. ನಾತ ಬರುತ್ತಿದ್ದ ಇಟ್ಟಿಗೆಯನ್ನು ದಾಟಿ ಬಂದು, ಅದೇ ದಿಂಬಿಗೆ ಒರಗಿ ಚಹಾ ಕೇಳಿದರು. ಅವರಿಗೆ ಕೇಳಿಸಿಲ್ಲ ಎಂದು ಫಖ್ರಿಯಾಗೆ ಜೀವ ಬಂದಂತಾಗಿತ್ತು. ಜಾಡಿ ಕೆಲಸಕ್ಕೆ ಬಾರದ್ದು ಎಂದು ಅತ್ತೆ ಗೊಣಗಿದ್ದಳು. ಗಂಡ ಮಾತ್ರ, "ಒಳ್ಳೇ ಉಪ್ಪಿನಕಾಯಿ ಹೋಯ್ತಲ್ಲ," ಎಂದಿದ್ದ.

ಹೊಳೆಯ ದಂಡೆ ಹಿಡಿದು ನಡೆದರೆ ಶಾಲೆ ಬೇಗ ಸಿಗುತ್ತದೆ. ಖರ್ಜೂರದ ಮರಗಳ ಕೆಳಗೆ ಯಾರೋ ಉಣ್ಣೆ ತೊಳೆದು ಹರವಿದ್ದರು. ಎಲ್ಲೋ ಮದುವೆಯಿದೆ, ಹೊಸ ಹಾಸಿಗೆಗೆ ತುಂಬಲು. ಒದ್ದೆ ಉಣ್ಣೆಯ ವಾಸನೆ ಮೂಗಿಗೆ ಬಂದದ್ದೇ ಅವಳು ಹದಿನೈದರ ಹುಡುಗಿಯಾದಳು. ಮದುವೆ ಗೊತ್ತಾಗಿದೆ, ನಾಳೆಯಿಂದ ಶಾಲೆ ಬೇಡ ಎಂದಿದ್ದಾರೆ. ಅವಳು ಅತ್ತಿಲ್ಲ, ಯಾಕೆಂದರೆ ಹೊಸ ಟೀಚರು ಬಂದೇ ಬರುತ್ತಾರೆ ಎಂದು ಅವಳಿಗೆ ಗೊತ್ತು. ಬಿಳಿ ಕಾಲರಿನ ಸಿತ್ ಬಹೀಜಾ, ರೇಖಾಗಣಿತ ಕಲಿಸುವಾಗ ಬೆರಳಿಗೆ ಅಂಟಿದ ಸೀಮೆಸುಣ್ಣವನ್ನು ಮರೆತು ಕೆನ್ನೆಗೆ ಬಳಿದುಕೊಳ್ಳುವವರು, "ಫಖ್ರಿಯಾ, ನಿನ್ನ ತಲೆ ನನಗಿಂತ ಚುರುಕು," ಎಂದವರು. ಬಂದು ಅಪ್ಪನ ಹತ್ತಿರ ಮಾತಾಡುತ್ತಾರೆ. ಎರಡು ದಿನ ಮಾಳಿಗೆ ಏರಿ ಬೀದಿ ಕಾದಳು. ಮೂರನೆಯ ದಿನ ತಾಯಿ ಬಲವಂತವಾಗಿ ಉಣ್ಣೆ ತೊಳೆಯಲು ಹೊಳೆಗೆ ಕಳಿಸಿದಳು. ಸಂಜೆ ಒದ್ದೆ ಗಂಟು ಹೊತ್ತು ಬಂದಾಗ ಬಾಗಿಲ ಹೊರಗೆ ನೀಲಿ ಮೆರುಗಿನ ಚೂರುಗಳು ಬಿದ್ದಿದ್ದವು. "ಬೆಕ್ಕು ಬೀಳಿಸ್ತು, ಗುಡಿಸಿಹಾಕು," ಎಂದಳು ತಾಯಿ. ಗುಡಿಸಿದಳು. ಮರುದಿನವೂ ಮಾಳಿಗೆ ಏರಿದಳು, ಮದುವೆಯ ದಿನ ಗೋರಂಟಿ ಹಚ್ಚಿಸಿಕೊಂಡ ಕೈಯಲ್ಲೂ ಏರಿದಳು. ಯಾರೂ ಬರಲಿಲ್ಲ. ಹದಿನೆಂಟು ವರ್ಷದ ಮೇಲೆ ತನ್ನ ಮಗಳಿಗಾಗಿ ಅದೇ ಟೀಚರು ಕರೆಯದೆ ಬಂದು ಕೂತಾಗ ಅವಳ ಎದೆಯಲ್ಲಿ ಎದ್ದದ್ದು ಕೃತಜ್ಞತೆಯಲ್ಲ. ನನಗೆ ಯಾಕೆ ಬರಲಿಲ್ಲ? ಆ ಒಂದು ಪ್ರಶ್ನೆಯನ್ನು ಕೇಳಲಾರದೆ ಅವಳು ಜಾಡಿ ಎತ್ತಿದ್ದಳು. ಮಗಳ ಮೇಲೆ ಹೊಟ್ಟೆಕಿಚ್ಚು ಪಟ್ಟ ತಾಯಿ ತಾನು ಎಂದು ಹೊಳೆದಾಗ ದಾರಿಯಲ್ಲೇ ನಿಂತಳು.

ಶಾಲೆಯ ಗೇಟಿಗೆ ಹೊಸ ಹಸಿರು ಬಣ್ಣ. ಅರ್ಜಿ ಫಲಿಸದೆ ಏನು ಮಾಡುವುದೆಂದು ತಿಳಿಯದೆ ತಂದೆಯರು ನಿನ್ನೆ ಬಣ್ಣ ಬಳಿದಿದ್ದರು. ಗಂಡಸರು ಒಳಗೆ ಹೋಗುವ ಹಾಗಿಲ್ಲವಾದ್ದರಿಂದ ಹೊರಭಾಗಕ್ಕಷ್ಟೇ. ಈಗ ಗೋಡೆಗೊರಗಿ ಸಿಗರೇಟು ಸೇದುತ್ತ, ಬಣ್ಣ ಅಂಗಿಗೆ ಹತ್ತಿದ್ದನ್ನು ಉಜ್ಜಿಕೊಳ್ಳುತ್ತಿದ್ದರು. ಒಳಗೆ ತಾಯಂದಿರು ತಂದ ಕ್ಲೇಚಾದ ತಟ್ಟೆಗಳು ಎರಡು ಮೇಜು ತುಂಬಿ ಬೆಂಚಿಗೆ ಬಂದಿದ್ದವು. ಹೊತ್ತು ಕಳೆಯಲು ಒಬ್ಬೊಬ್ಬರದೂ ಒಂದೊಂದು ನೆವ. ಒಬ್ಬಳು ಮಗಳ ಕೈಬರಹ ತೋರಿಸುತ್ತಿದ್ದಳು, ಇನ್ನೊಬ್ಬಳು ಹೋದ ವರ್ಷ ಮುಗಿದುಹೋದ ಜಗಳವೊಂದನ್ನು ಮೊದಲಿಂದ ಹೇಳುತ್ತಿದ್ದಳು. ಸಿತ್ ಎಲ್ಲಕ್ಕೂ ತಲೆಯಾಡಿಸುತ್ತಿದ್ದರು. ಫಖ್ರಿಯಾ ಕಂಬದ ಮರೆಗೆ ಸರಿದಳು. ಅಲ್ಲಿಯೇ ನಿಂತಿದ್ದ ಉಮ್ಮ್ ಜಾಸಿಮ್ ಅವಳ ಹೊಟ್ಟೆಯತ್ತ ನೋಡಿ ಕಣ್ಣರಳಿಸಿದಳು. ಒಂದು ಕಾಲದಲ್ಲಿ ಇಬ್ಬರೂ ಒಂದೇ ಬೆಂಚಿನವರು. ಈಗ ಅವಳ ಮಗಳೂ ಬಲ್ಕೀಸಳ ಬೆಂಚಿನಲ್ಲಿ ಕೂರುತ್ತಾಳೆ.

"ಎಷ್ಟು ತಿಂಗಳೇ? ನನಗೊಂದು ಮಾತು ಹೇಳಲಿಲ್ಲ."

"ಸುಮ್ನಿರು. ಜಾಡಿ ಅದು."

"ಜಾಡಿ ಹೆರ್ತೀಯಾ? ನಿಮ್ಮತ್ತೆ ಗಂಡು ಕೇಳ್ತಿದ್ಲು."

ನಗು ತಡೆಯಲಾರದೆ ಇಬ್ಬರೂ ಅಬಾಯಾದ ಅಂಚನ್ನು ಬಾಯಿಗೆ ಒತ್ತಿಕೊಂಡರು. ಹಾಗೆ ನಗುತ್ತಿರುವಾಗಲೇ ಉಮ್ಮ್ ಜಾಸಿಮ್‌ಳ ಕಣ್ಣಲ್ಲಿ ನೀರು ಬಂತು. "ಮೊನ್ನೆ ಆಸ್ಪತ್ರೇಲಿ ಚೀಟಿ ಬರೆಯೋನು ನನ್ನ ಹೆಸರು ಕೇಳ್ದ. ಒಂದು ಗಳಿಗೆ ನೆನಪೇ ಆಗಲಿಲ್ಲ ಕಣೆ," ಎಂದಳು. ಅಷ್ಟರಲ್ಲಿ ಅಂಗಳದಾಚೆಯಿಂದ ಆ ದನಿ ಬಂತು.

"ಫಖ್ರಿಯಾ. ಮೂಲೇಲಿ ನಿಂತು ಯಾರನ್ನ ಕಾಯ್ತಿದೀಯ? ಬಾ ಇಲ್ಲಿ."

ಸಿತ್ ಅವಳನ್ನು ಮಾಧ್ಯಮಿಕದ ಮೂರನೆಯ ತರಗತಿಯ ಕೋಣೆಗೆ ಕರೆದೊಯ್ದು ಬಾಗಿಲು ಎಳೆದುಕೊಂಡರು. ಅದೇ ಕೋಣೆ. ಕಿಟಕಿಯ ಪಕ್ಕದ ಬೆಂಚಿನಲ್ಲಿ ಫಖ್ರಿಯಾ ಕೂತದ್ದು ಅವಳಿಗೇ ತಿಳಿಯಲಿಲ್ಲ. ಮೊಣಕಾಲು ಡೆಸ್ಕಿಗೆ ತಾಗಿ ನೋವಾದಾಗ ತಿಳಿಯಿತು. ಸಿತ್ ಕೈಚಾಚಿದರು. ಅವಳು ಜಾಡಿಯ ತಳವನ್ನು ಅಬಾಯಾದಿಂದ ತೆಗೆದು ಕೊಟ್ಟಳು, ಕಾಪಿ ಹೊಡೆದು ಸಿಕ್ಕಿಬಿದ್ದವಳ ಹಾಗೆ. ಸಿತ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ನಲವತ್ತಕ್ಕೇ ಅವರ ಕೂದಲು ಬೆಳ್ಳಗಾದದ್ದನ್ನು ಇಷ್ಟು ಹತ್ತಿರದಿಂದ ಅವಳು ನೋಡಿರಲಿಲ್ಲ.

"ಹಸಿರು. ನಾನು ತಿರುಗಿ ನೋಡಿರಲಿಲ್ಲ, ಬರೀ ಸದ್ದು ಕೇಳಿದ್ದೆ."

ಫಖ್ರಿಯಾ ತಲೆಯೆತ್ತಿದಳು. "ಕೇಳಿಸಿತ್ತಾ ಸಿತ್?"

"ರೊಟ್ಟಿ ಅಂಗಡಿಯವನಿಗೆ ಕೇಳಿಸಿ ಅವನು ಹೊರಗೆ ಬಂದ. ನನಗೆ ಕೇಳಿಸಲ್ವಾ?"

"ಕೇಳಿಸಿದ ಮೇಲೂ ಮುಂದಿನ ವಾರ ಬಂದ್ರಿ."

"ಕೇಳಿಸಿದ್ದಕ್ಕೇ ಬಂದೆ." ಸಿತ್ ಮೇಜಿನ ಅಂಚಿಗೆ ಒರಗಿದರು. "ನಿಮ್ಮಮ್ಮ ಒಡೆದಿದ್ದು ನೀಲಿ ಜಾಡಿ. ನನಗಾಗ ಇಪ್ಪತ್ತೆರಡು. ಹುಡುಗೀನ ಇನ್ನೊಂದೆರಡು ವರ್ಷ ಕಳಿಸಿ ಅಂತ ಕೇಳೋಕೆ ಬಂದಿದ್ದೆ. ನೀನು ಹೊಳೆಗೆ ಹೋಗಿದೀಯ ಅಂದ್ರು. ಚಹಾ ಕೊಟ್ರು. ಒಂದು ಮಾತೂ ಆಡಲಿಲ್ಲ. ಹೊರಗೆ ಬಂದು ನಾಲ್ಕು ಹೆಜ್ಜೆ ಇಟ್ಟಿಲ್ಲ, ಹಿಂದೆ ಢಬ್ ಅಂತು. ಒಂದು ಚೂರು ಸಿಡಿದು ಹಿಮ್ಮಡಿಗೆ ತಾಗ್ತು. ನಾನು ಓಡಿಬಿಟ್ಟೆ ಫಖ್ರಿಯಾ. ಮತ್ತೆ ನಿಮ್ಮ ಬೀದಿಗೆ ಕಾಲಿಡಲಿಲ್ಲ. ಇನ್ನೊಂದು ಸಲ ಬಂದಿದ್ರೆ ಏನಾಗ್ತಿತ್ತೋ, ಬರಲಿಲ್ಲ. ಅಷ್ಟೇ."

ಫಖ್ರಿಯಾ ಡೆಸ್ಕಿನ ಮೇಲೆ ಯಾರೋ ಕೊರೆದ ಹೆಸರನ್ನು ಬೆರಳಲ್ಲಿ ಸವರುತ್ತಿದ್ದಳು. ಪೊರಕೆಯ ಕೆಳಗೆ ಕಿರುಗುಟ್ಟಿದ ನೀಲಿ ಚೂರುಗಳ ಸದ್ದು ಕಿವಿಯಲ್ಲಿತ್ತು. ತಾನೇ ಗುಡಿಸಿದ್ದಳು, ಬುಟ್ಟಿಗೆ ತುಂಬಿ ತಾನೇ ತಿಪ್ಪೆಗೆ ಎಸೆದಿದ್ದಳು. ಹದಿನೆಂಟು ವರ್ಷ ಯಾರೂ ಬರಲಿಲ್ಲ ಎಂದುಕೊಂಡು ಬದುಕಿದ್ದಳು.

"ನಮ್ಮನೇಲಿ ಬೆಕ್ಕೇ ಇರಲಿಲ್ಲ ಸಿತ್," ಎಂದಳು.

ಸಿತ್‌ಗೆ ಅರ್ಥವಾಗಲಿಲ್ಲ, ಆದರೂ ಏನೆಂದು ಕೇಳಲಿಲ್ಲ. ಅವಳ ಅಳು ನಿಲ್ಲುವವರೆಗೂ ಕಾದರು. ವರ್ಗ ತನ್ನ ಜಾಡಿಯಿಂದಲೇ ಆದದ್ದು ಎಂದು ಫಖ್ರಿಯಾ ಬಿಕ್ಕುತ್ತ ಹೇಳಿದಾಗ ಮಾತ್ರ ಅವರಿಗೆ ನಗು ಬಂತು. "ಅದಕ್ಕೆ ಅಷ್ಟು ಶಕ್ತಿ ಇದ್ದಿದ್ರೆ ಇಲಾಖೆ ಅಧಿಕಾರಿಗಳ ಹಿಂದೆ ನಾನೇ ದಿನಾ ಒಂದು ಒಡೀತಿದ್ದೆ. ವರ್ಗ ನಾನೇ ಕೇಳಿ ತಗೊಂಡಿದ್ದು. ಮೋಸುಲ್‌ನಲ್ಲಿ ಅಕ್ಕನಿಗೆ ಕಣ್ಣು ಹೋಗಿದೆ, ಒಬ್ಬಳೇ ಇದಾಳೆ. ಮೊದಲೇ ಹೇಳಿದ್ರೆ ನೀವೆಲ್ಲ ಬಂದು ನನ್ನ ಬಾಗಿಲಲ್ಲಿ ಚಾಪೆ ಹಾಸಿಬಿಡ್ತಿದ್ರಿ. ಆಮೇಲೆ ನನಗೂ ಹೋಗೋಕೆ ಆಗ್ತಿರಲಿಲ್ಲ."

ಹೊರೆ ಇಳಿಯಬೇಕಿತ್ತು. ಇಳಿಯಲಿಲ್ಲ. ತಾನು ಓಡಿಸಿದ್ದರೆ ಕರೆದು ತರಬಹುದಿತ್ತು. ಅವರಾಗಿಯೇ ಹೊರಟವರನ್ನು ಏನು ಮಾಡುವುದು? "ನಾಳೆ ಆ ಹೆಂಗಸರು ಮತ್ತೆ ಬರ್ತಾರಂತೆ," ಎಂದಳು, ದೂರು ಹೇಳುವ ದನಿಯಲ್ಲಿ. ಸಿತ್ ಜಾಡಿಯ ತಳವನ್ನು ಅವಳ ಕೈಗಿಟ್ಟು, "ನಾಳೆ ನಾನು ಮೋಸುಲ್‌ನಲ್ಲಿರ್ತೀನಿ ಫಖ್ರಿಯಾ," ಎಂದರು. ಅದರಲ್ಲಿ ಸಮಾಧಾನವೂ ಇರಲಿಲ್ಲ, ಉಪದೇಶವೂ ಇರಲಿಲ್ಲ. ಹಾಜರಿ ಪುಸ್ತಕ ಮೇಜಿನ ಮೇಲೆ ಇತ್ತು. ಅದನ್ನು ಅವರು ಚೀಲಕ್ಕೆ ಹಾಕಿಕೊಳ್ಳದೆ ಅಲ್ಲಿಯೇ ಬಿಟ್ಟು ಎದ್ದರು.

ಶಾಲೆಯ ನಲ್ಲಿಯಲ್ಲಿ ಅವಳು ನೀರು ಹಿಡಿದಳು. ಹುಡುಗಿಯಾಗಿದ್ದಾಗ ಬೊಗಸೆಯೊಡ್ಡಿ ಕುಡಿದ ನಲ್ಲಿ, ಈಗಲೂ ಸೋರುತ್ತಿತ್ತು. ಗೇಟಿನ ಹೊರಗೆ ಗಂಡ ಟ್ಯಾಕ್ಸಿಯ ಡಿಕ್ಕಿಯಲ್ಲಿ ಪೆಟ್ಟಿಗೆಗಳನ್ನು ಹಗ್ಗ ಹಾಕಿ ಬಿಗಿಯುತ್ತಿದ್ದ. ಒಂದೇ ಗಂಟನ್ನು ಮೂರು ಸಲ ಬಿಚ್ಚಿ ಕಟ್ಟಿದ. ಉಪ್ಪು ಹಾಕಿರಲಿಲ್ಲ, ಗಾಡಿ ಮೊದಲ ಸಲಕ್ಕೇ ಶುರುವಾಯಿತು. ಅದು ಹೊರಟದ್ದೇ ತಡ ತಾಯಂದಿರೆಲ್ಲ ತಂದ ಬೋಗುಣಿ, ಚೊಂಬು, ಕೆಟಲಿನಿಂದ ಅದರ ಹಿಂದೆ ನೀರು ಚೆಲ್ಲಿದರು, ಹೋದವರು ಹೋದ ದಾರಿಯಲ್ಲೇ ಮರಳಿ ಬರಲೆಂದು. ತಂದೆಯರು ಬೂಟು ಉಳಿಸಿಕೊಳ್ಳಲು ಗೋಡೆಗೆ ಹಾರಿ ಹಸಿ ಬಣ್ಣವನ್ನು ಬೆನ್ನಿಗೆ ಬಳಿದುಕೊಂಡರು. ಎಲ್ಲರ ನೀರೂ ಮುಗಿದ ಮೇಲೆ ಫಖ್ರಿಯಾ ನಡುಬೀದಿಗೆ ಹೋಗಿ ತನ್ನ ಅರ್ಧ ಜಾಡಿಯನ್ನು ಬಗ್ಗಿಸಿದಳು. ಟ್ಯಾಕ್ಸಿಯ ಹಿಂದಿನ ಗಾಜಿನಲ್ಲಿ ಒಂದು ಬೆಳ್ಳನೆಯ ತಲೆ ಕಂಡಿತು. ಅದು ಹಿಂದಿರುಗಿ ನೋಡಲಿಲ್ಲ. ಸೇತುವೆಯ ತಿರುವಿನಲ್ಲಿ ಟ್ಯಾಕ್ಸಿ ಮರೆಯಾಯಿತು.

ಯಾರೂ ಮನೆಗೆ ಹೊರಡಲಿಲ್ಲ. ಶಾಲೆಯ ಗಂಟೆ ಹೊಡೆಯಿತು, ಒಳಗೆ ಹುಡುಗಿಯರು ಬೆಂಚು ಎಳೆದ ಸದ್ದು ಕೇಳಿಸಿತು. ಅದರಲ್ಲಿ ಬಲ್ಕೀಸಳ ಬೆಂಚೂ ಇತ್ತು. ಉಮ್ಮ್ ಜಾಸಿಮ್ ಪಕ್ಕದಲ್ಲಿ ನಿಂತು ಒದ್ದೆಯಾದ ಅಬಾಯಾದ ತುದಿ ಹಿಂಡುತ್ತಿದ್ದಳು. ಫಖ್ರಿಯಾ ಬಾಯಿ ತೆರೆದಳು. ಎಷ್ಟೋ ವರ್ಷದಿಂದ ತಾನು ಆಡದ ಗೆಳತಿಯ ಹೆಸರು, ನಾಲಿಗೆಗೆ ಸುಲಭವಾಗಿ ಬರಲಿಲ್ಲ.

"ಬದ್ರಿಯಾ ಜಬ್ಬಾರ್," ಎಂದಳು.

ಅವಳು ಹಿಂಡುವುದನ್ನು ನಿಲ್ಲಿಸಿ ಮೊದಲು ಟ್ಯಾಕ್ಸಿ ಹೋದ ಕಡೆಗೆ ನೋಡಿದಳು. ಆಮೇಲೆ ಫಖ್ರಿಯಾಳತ್ತ ತಿರುಗಿದಳು. ಮುಖದಲ್ಲಿ ನಗುವಿರಲಿಲ್ಲ.

"ಹಾಜರ್."

"ನಾಳೆ ಸಂಜೆ ನಮ್ಮನೆಗೆ ಬಾ. ಹುಡುಗನ ಕಡೆಯವರು ಬರ್ತಾರೆ. ನಾನು ಕರೀಲಿಲ್ಲ, ನೀನೇ ಬಂದೆ, ಹಾಗೆ ಬಾ."

"ನಿಮ್ಮತ್ತೆ ನನ್ನ ಹಿಂದೆ ಜಾಡಿ ಒಡೀತಾಳೆ."

"ಮನೇಲಿ ಇನ್ನೊಂದು ಇಲ್ಲ. ಒಡೆದ್ರೂ ಮುಂದಿನ ವಾರ ಬಾ."

ಬದ್ರಿಯಾ ಹಿಂಡಿದ ಅಬಾಯಾದ ತುದಿಯನ್ನು ಕೊಡವಿದಳು. "ಬಂದು ಎಲ್ಲಿ ಕೂರಲಿ?" ಎಂದು ಕೇಳಿದಳು.

"ಸಿತ್ ಕೂತಿದ್ದಲ್ಲಿ," ಎಂದಳು ಫಖ್ರಿಯಾ. "ನಿನ್ನ ಪಕ್ಕದಲ್ಲಿ ನಾನು ಕೂರ್ತೀನಿ."